ಸಾಫ್ಟ್ ಡಯಟ್ ಮಾಡುವವಳು

ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ಊಟಕ್ಕೆ ಇದ್ದದ್ದು ಮೂರೇ ಹೆಸರು: ಫುಲ್, ಸಾಫ್ಟ್, ಲಿಕ್ವಿಡ್. ಅನ್ನ, ಬೇಳೆ, ಮೊಟ್ಟೆ, ಕುಂಬಳಕಾಯಿ ಎಂಬ ಹೆಸರುಗಳೆಲ್ಲ ಒಲೆಯ ಮೇಲಿರುವ ತನಕ ಮಾತ್ರ. ತಟ್ಟೆಗೆ ಬಿದ್ದು ಮುಚ್ಚಳ ಮುಚ್ಚಿದ ಮೇಲೆ ಅವು ಈ ಮೂರರಲ್ಲಿ ಒಂದಾಗಿಬಿಡುತ್ತಿದ್ದವು. ವಾರ್ಡಿನಲ್ಲಿ ನಾಲ್ಕು ದಿನ ಮಲಗಿದವರಿಗೂ ಈ ಭಾಷೆ ತಾನಾಗಿ ಬರುತ್ತಿತ್ತು. ಪಕ್ಕದ ಹಾಸಿಗೆಯವರು “ನೀವೇನು?” ಎಂದರೆ, “ಇವತ್ತಿನ ತನಕ ಲಿಕ್ವಿಡ್ಡು, ನಾಳೆಯಿಂದ ಸಾಫ್ಟಂತೆ” ಎಂದು ಕೆಲಸದಲ್ಲಿ ಬಡ್ತಿ ಸಿಕ್ಕವರ ಹಾಗೆ ಹೇಳಿಕೊಳ್ಳುತ್ತಿದ್ದರು.

ಸಾಫ್ಟ್ ಮಾಡುವ ಮೇಜು ನೆಲಮಾಳಿಗೆಯ ಆ ಅಡುಗೆಮನೆಯ ಕೊನೆಯಲ್ಲಿ, ತೊಟ್ಟಿಯ ಪಕ್ಕ ಇತ್ತು. ಅದರ ಹಿಂದೆ ನಿಲ್ಲುತ್ತಿದ್ದವಳು ಸಾಫ್ಟಕ್ಕ. ಅವಳಿಗೆ ಬೇರೆ ಹೆಸರಿತ್ತು, ಸಂಬಳದ ದಿನ ಅದನ್ನು ಕೂಗುತ್ತಿದ್ದರು, ಆಗ ಅವಳೇ ಒಂದು ಗಳಿಗೆ ತಡವರಿಸುತ್ತಿದ್ದಳು. ಎತ್ತರದ ಆಳು, ಅಗಲವಾದ ಕೈ, ಮೂಗಿನ ತುದಿಯಲ್ಲಿ ಕೋಪ. ಹೊಸದಾಗಿ ಕೆಲಸಕ್ಕೆ ಬಂದವರು ಹೆಸರು ಕೇಳಿ ನಗುತ್ತ ಹತ್ತಿರ ಹೋಗಿ, ಪೆಟ್ಟು ತಿಂದವರಂತೆ ಮುಖ ಮಾಡಿಕೊಂಡು ಹಿಂದೆ ಬರುತ್ತಿದ್ದರು. “ಸಾಫ್ಟು ಇರೋದು ಪಾತ್ರೇಲಿ ಮಾತ್ರ ಕಣಪ್ಪ,” ಎಂದು ಅಡುಗೆಯ ಹೆಡ್ಡು ಅವರಿಗೆ ಸಮಾಧಾನ ಹೇಳುತ್ತಿದ್ದ.

ಈ ಹೆಡ್ಡು ದಪ್ಪನೆಯ, ಸದಾ ಬೆವರುವ ಮನುಷ್ಯ. ಒಲೆಗಳೆಲ್ಲ ಅವನ ಕೈಕೆಳಗೆ. ಅವನು ಬೇಯಿಸಿದ್ದರಲ್ಲಿ ಒಂದು ಪಾಲು ಸಾಫ್ಟಕ್ಕನ ಮೇಜಿಗೆ ಬರುತ್ತಿತ್ತು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಮೇಜಿಗೆ ಇಬ್ಬರು ಹೆಂಗಸರಿದ್ದರು. ಇನ್ನೊಬ್ಬಳು ವಯಸ್ಸಾಗಿ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಆಳು ಬರಲಿಲ್ಲ, ದೊಡ್ಡ ಮಿಕ್ಸಿ ಬಂತು. ನೆಲದ ಮೇಲೆ ನಿಲ್ಲುವಂಥದ್ದು, ತಿರುಗಿದರೆ ಇಡೀ ನೆಲಮಾಳಿಗೆ ಗುಂಯ್ಯೆನ್ನುತ್ತಿತ್ತು. ಮೊದಮೊದಲು ಹಲ್ಲಿಲ್ಲದ ಮುದುಕರ ವಾರ್ಡಿಗೆ ಮಾತ್ರ ಅದರಲ್ಲಿ ರುಬ್ಬಿ ಕಳಿಸುತ್ತಿದ್ದರು. ಆಮೇಲೆ ಬೇರೆ ವಾರ್ಡುಗಳದ್ದನ್ನೂ ಅದಕ್ಕೇ ಹಾಕಿದರೆ ಒಂದೇ ಸಲಕ್ಕೆ ಮುಗಿಯುತ್ತದೆಂದು ಗೊತ್ತಾಯಿತು. ಅನ್ನ, ಬೇಳೆ, ತರಕಾರಿ, ಮೊಟ್ಟೆ ಎಲ್ಲವನ್ನೂ ಬಿಸಿನೀರಿನ ಜೊತೆ ಸುರಿದು ಒಂದು ಸುತ್ತು ತಿರುಗಿಸಿದರೆ ಸಾಫ್ಟ್ ಆಯಿತು. “ಹೊಟ್ಟೆ ಒಳಗೆ ಹೋಗಿ ಒಂದಾಗೋದನ್ನ ನಾವು ಹೊರಗೇ ಮಾಡಿ ಕಳಿಸ್ತೀವಿ,” ಎನ್ನುತ್ತಿದ್ದ ಹೆಡ್ಡು.

ಮಿಕ್ಸಿಯ ಜೊತೆಗೆ ಕೆಲವು ರೂಢಿಗಳೂ ಬಂದವು. ಉಪ್ಪು ನೋಡಲು ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದರೆ ಸಾಕು. ತಟ್ಟೆ ತಿನ್ನದೆ ವಾಪಸು ಬಂದರೆ ಸಾಕಷ್ಟು ನುಣ್ಣಗಾಗಿಲ್ಲ ಎಂದು ಅರ್ಥ, ಮರುದಿನ ಇನ್ನೊಂದು ಸುತ್ತು ತಿರುಗಿಸಬೇಕು, ಇನ್ನೊಂದು ಲೋಟ ನೀರು ಹಾಕಬೇಕು. ಇದನ್ನು ಯಾರೂ ಗೋಡೆಗೆ ಬರೆದು ಅಂಟಿಸಿರಲಿಲ್ಲ. ಕೈಗಳು ತಾವೇ ಕಲಿತಿದ್ದವು.

ಇನ್ನೊಂದು ಕಟ್ಟುಪಾಡು ಮಾತ್ರ ಸಾಫ್ಟಕ್ಕನದೇ. ಯಾರ ತಟ್ಟೆಯೂ ವಿಶೇಷವಲ್ಲ. ಒಮ್ಮೆ ಟ್ರಾಲಿ ತಳ್ಳುವವಳ ತಾಯಿ ವಾರ್ಡಿನಲ್ಲಿದ್ದಾಗ, ಅವಳು ತಾಯಿಯ ತಟ್ಟೆಗೆ ಇನ್ನೊಂದು ಮೊಟ್ಟೆ ಸೇರಿಸಿದ್ದಳು. ಸಾಫ್ಟಕ್ಕ ಮುಚ್ಚಳ ತೆಗೆದು, ಎಲ್ಲರೆದುರಿಗೆ ಆ ಮೊಟ್ಟೆಯನ್ನು ಎತ್ತಿ ಪಾತ್ರೆಗೆ ಹಾಕಿದಳು. “ಉಳಿದೋರ್ನೇನು ತಾಯಿ ಹೆತ್ತಿಲ್ವಾ?” ಅಂದಳು. ಟ್ರಾಲಿಯವಳು ಬಹಳ ದಿನ ಅವಳ ಜೊತೆ ಮಾತು ಬಿಟ್ಟಿದ್ದಳು.

ಆಮೇಲೆ ಸಾಫ್ಟಕ್ಕನ ಗಂಡನೇ ಮೂರನೇ ಮಹಡಿಗೆ ಬಂದು ಮಲಗಿದ.

ಆತ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸದವನು. ಅನ್ನನಾಳ ಕಿರಿದಾಗಿ ತುತ್ತು ಇಳಿಯದಂತಾಗಿತ್ತು. ಮೊದಲು ಬ್ರೆಡ್ಡು ಸಿಕ್ಕಿಕೊಳ್ಳುತ್ತಿತ್ತು, ಆಮೇಲೆ ಅನ್ನ, ಕೊನೆಗೆ ನೀರಿಗೂ ಯೋಚನೆ ಮಾಡಿ ಬಾಯಿ ತೆರೆಯುವ ಹಾಗಾಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಕೆಲವು ದಿನ ಲಿಕ್ವಿಡ್ ಕೊಟ್ಟರು, ನಂತರ ಡಾಕ್ಟರು ಸಾಫ್ಟ್ ಎಂದು ಬರೆದರು. ಆ ದಿನ ಸಾಫ್ಟಕ್ಕ ಮಿಕ್ಸಿಯನ್ನು ಎಂದಿಗಿಂತ ಹೆಚ್ಚು ಹೊತ್ತು ತಿರುಗಿಸಿದಳು.

ತಟ್ಟೆ ಹಾಗೇ ವಾಪಸು ಬಂತು. ಚಮಚ ಊರಿದ ಒಂದು ಗುರುತು ಬಿಟ್ಟರೆ ಮೇಲ್ಮೈ ಹೋದಂತೆಯೇ ಇತ್ತು.

ಮರುದಿನ ಅವಳು ಇನ್ನಷ್ಟು ನುಣ್ಣಗೆ ಮಾಡಿದಳು. ಅದೂ ಬಂತು. ಅದರ ಮರುದಿನ ಜರಡಿಯಲ್ಲಿ ಸೋಸಿದಳು, ಆತನೊಬ್ಬನದಲ್ಲ, ಎಲ್ಲರದ್ದನ್ನೂ. ಕೈ ನೋವು ಬಂತು, ತಟ್ಟೆಯೂ ಬಂತು. ಕೆಲಸ ಮುಗಿಸಿ ಮೇಲೆ ಹೋಗಿ “ಯಾಕ್ರೀ ತಿಂದಿಲ್ಲ?” ಎಂದರೆ ಆತ ಕಿಟಕಿಯ ಕಡೆ ಮುಖ ಮಾಡಿ “ಹಸಿವಿಲ್ಲ ಕಣೇ,” ಎನ್ನುತ್ತಿದ್ದ. “ನೋವಾಗುತ್ತಾ?” “ಇಲ್ಲ.” “ಸಿಕ್ಕೊಳ್ಳುತ್ತಾ?” “ಇಲ್ಲ ಬಿಡು.” ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಇಬ್ಬರೂ ಎಂದೂ ಹೆಚ್ಚು ಮಾತಿನವರಲ್ಲ.

ಹಗಲು ಹೊತ್ತು ಹಾಸಿಗೆಯ ಪಕ್ಕ ಕೂರುತ್ತಿದ್ದವಳು ಆತನ ತಂಗಿ. ಗಿಡ್ಡಕ್ಕೆ, ದುಂಡಗೆ ಇದ್ದಳು, ಬಾಯಿಗೆ ಬಿಡುವಿರಲಿಲ್ಲ. ಸೋಸಿದ್ದೂ ವಾಪಸು ಬಂದ ಮರುದಿನ ಮಧ್ಯಾಹ್ನ ಅವಳು ಅಡುಗೆಮನೆಯ ಬಾಗಿಲಿಗೇ ಇಳಿದು ಬಂದಳು. ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲವಾದ್ದರಿಂದ ಹೊಸ್ತಿಲಲ್ಲಿ ನಿಂತು ಕೂಗಿದಳು.

“ಅತ್ತಿಗೆ, ಬನ್ನಿ ಇಲ್ಲಿ. ಡಾಕ್ಟರು ಬಂದು ಹೋದ್ರು. ಅಣ್ಣ ಹಿಂಗೇ ಉಪವಾಸ ಬಿದ್ಕೊಂಡ್ರೆ ನಾಡಿದ್ದು ಬೆಳಿಗ್ಗೆ ಮೂಗಲ್ಲಿ ನಳಿಗೆ ಹಾಕ್ತಾರಂತೆ.”

ಸಾಫ್ಟಕ್ಕ ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ತೋಚದೆ ಹಿಡಿದೇ ನಿಂತಳು. “ಅವರೇನಂದ್ರು?”

“ನಳಿಗೆ ಹಾಕೋದಾದ್ರೆ ಹೇಳಿ, ಈಗಲೇ ಚಪ್ಪಲಿ ಮೆಟ್ಕೊಂಡು ಮನೆಗೆ ಹೋಗ್ತೀನಿ ಅಂದ. ಡಾಕ್ಟರಿಗೇ ಅಂದ! ಎರಡು ಹೆಜ್ಜೆ ಹಾಕಿದ್ರೆ ಕಾಲು ನಡುಗುತ್ತೆ, ಮಾತು ನೋಡಿ. ಮನೆಗೆ ಹೋದ್ರೆ ಹೊಲಿಗೆ ಗತಿ ಏನು ಅಂತ ಡಾಕ್ಟರು ಬೈದ್ರು. ಬಂದ ದಿನಕ್ಕಿಂತ ಎಷ್ಟು ಇಳಿದಿದ್ದಾನೆ ಗೊತ್ತಾ? ಉಂಗುರ ತಾನಾಗೇ ಬಿದ್ದೋಗುತ್ತೆ ಅಂತ ನಾನೇ ತೆಗೆದು ಸೆರಗಿಗೆ ಕಟ್ಕೊಂಡಿದ್ದೀನಿ.”

“ತಿನ್ನಿ ಅಂತ ನೀನು ಹೇಳ್ಬಾರ್ದಾ?”

“ಹೇಳಿ ಹೇಳಿ ನನ್ನ ಬಾಯಿ ಒಣಗೋಯ್ತು. ನೀವು ಕೆಳಗೆ ಕೂತು ರುಬ್ಬೋದು ಬಿಟ್ಟು ಒಂದ್ಸಲ ಮೇಲೆ ಬಂದು ತಿನ್ನಿಸ್ಬಾರ್ದಾ? ನಿಮ್ಮ ಮುಖ ನೋಡಿದ್ರೆ ಹೆದರ್ಕೊಂಡಾದ್ರೂ ತಿಂತಾನೆ.”

ಹೆಡ್ಡು ಒಳಗಿನಿಂದ ಇದನ್ನು ಕೇಳಿಸಿಕೊಂಡು “ಹೋಗಮ್ಮ, ಹೋಗಿ ಬಾ” ಎಂದು ಕೈಯಾಡಿಸಿದ. ಟ್ರಾಲಿಯವಳು ಮೂರನೇ ಮಹಡಿಯ ತಟ್ಟೆಗಳನ್ನು ಜೋಡಿಸುತ್ತಿದ್ದಳು. ಸಾಫ್ಟಕ್ಕ ಹತ್ತಿರ ಬಂದಾಗ ದನಿ ತಗ್ಗಿಸಿ ಹೇಳಿದಳು. “ಅಕ್ಕ, ನಿಮ್ಮ ಯಜಮಾನ್ರಿಗೆ ಬೇರೆ ಏನಾದ್ರೂ ಮಾಡಿ ಮುಚ್ಚಿಡಿ. ನಾನು ನೋಡ್ಲಿಲ್ಲ ಅಂತ ತಗೊಂಡು ಹೋಗ್ತೀನಿ. ಹಳೇದೆಲ್ಲ ನನ್ನ ಮನಸ್ಸಲ್ಲಿಲ್ಲ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಸಾಫ್ಟಕ್ಕನಿಗೆ ಹೆಚ್ಚು ಕಷ್ಟವಾಯಿತು. “ಬೇಡಮ್ಮ,” ಎಂದಳು. “ಇದೇ ತಟ್ಟೆ ಕೊಡು, ನಾನೇ ತಗೊಂಡು ಹೋಗ್ತೀನಿ.”

ವಾರ್ಡಿನಲ್ಲಿ ಊಟದ ಹೊತ್ತಿನ ಸದ್ದಿತ್ತು, ಮುಚ್ಚಳಗಳ, ಚಮಚಗಳ, ಕೆಮ್ಮಿನ ಸದ್ದು. ಗಂಡ ದಿಂಬಿಗೆ ಒರಗಿ ಕೂತಿದ್ದ. ಕೊರಳಿನ ಎರಡು ನರಗಳ ನಡುವೆ ಹಿಂದೆ ಇರದಿದ್ದ ಒಂದು ಗುಳಿ ಬಿದ್ದಿತ್ತು. ಉಗುರುಗಳ ಅಂಚಿನಲ್ಲಿ ಮಾತ್ರ ಕೊನೆಯದಾಗಿ ಬಣ್ಣ ಹೊಡೆದ ಗೋಡೆಯ ಹಸಿರು ಇನ್ನೂ ಇತ್ತು. ಅವಳು ಸ್ಟೂಲು ಎಳೆದು ಕೂತಳು, ಮುಚ್ಚಳ ತೆಗೆದಳು.

“ಬಾಯಿ ತೆಗೀರಿ.”

“ಇಟ್ಟು ಹೋಗು, ಆಮೇಲೆ ತಿಂತೀನಿ.”

“ನಿಮ್ಮ ಆಮೇಲೆ ಎಲ್ಲಾ ನನ್ನ ತೊಟ್ಟಿಗೇ ಬಂದು ಬೀಳುತ್ತೆ, ನನಗೊತ್ತಿಲ್ವಾ? ಬಾಯಿ ತೆಗೀರಿ.”

ಆತ ತಟ್ಟೆಯನ್ನೂ ಅವಳನ್ನೂ ನೋಡಿದ. “ಮೊದಲು ನೀನು ತಿನ್ನು.”

“ನಾನೇನು ಪೇಷೆಂಟಾ?”

“ಒಂದು ಚಮಚ ನೀನು, ಒಂದು ಚಮಚ ನಾನು. ಆಗ್ಲಾ?”

ಪಕ್ಕದ ಹಾಸಿಗೆಯವನು ಮೊಣಕೈ ಊರಿ ಇವರತ್ತಲೇ ತಿರುಗಿದ. ನಾದಿನಿ ಸೆರಗು ಬಾಯಿಗಿಟ್ಟು ನಕ್ಕಳು. “ಮದುವೇಲೂ ಹಿಂಗೆ ತಿನ್ನಿಸ್ಕೊಳ್ಲಿಲ್ಲ ನಮ್ಮಣ್ಣ, ಈಗ ನೋಡಿ.”

ಸಾಫ್ಟಕ್ಕ ಒಂದು ಚಮಚ ಬಾಯಿಗಿಟ್ಟಳು. ಉಪ್ಪು ಸರಿಯಾಗಿತ್ತು. ನುಂಗಿದಳು. ಆತನೂ ಒಂದು ಚಮಚ ತಿಂದ, ಕಣ್ಣು ಮುಚ್ಚಿಕೊಂಡು. ಅವಳು ಎರಡನೆಯದು ತಿಂದಳು, ಆತನೂ. ಮೂರನೆಯದು ಅವಳ ಬಾಯೊಳಗೇ ನಿಂತಿತು. ತಿರುಗಿಸಲು ಏನೂ ಇರಲಿಲ್ಲ, ಹಲ್ಲಿಗೆ ಸಿಗುವುದೇನೂ ಇರಲಿಲ್ಲ. ನಾಲಿಗೆಯ ಮೇಲೆ ಒಂದು ಬಿಸಿ, ಒಂದು ಭಾರ, ಅಷ್ಟೇ. ಇಷ್ಟು ವರ್ಷಗಳಲ್ಲಿ ಅವಳು ಇದನ್ನು ಅಂಗೈಯಿಂದ ನೆಕ್ಕಿದ್ದಳೇ ಹೊರತು ಊಟ ಮಾಡಿರಲಿಲ್ಲ.

“ಅದರಲ್ಲಿ ಏನೇನಿದೆ ಹೇಳು,” ಎಂದ ಆತ.

“ಏನೇನಿದೆ ಅಂದ್ರೆ? ಅನ್ನ, ಬೇಳೆ, ಕುಂಬಳಕಾಯಿ, ಬೀನ್ಸು, ಮೊಟ್ಟೆ. ನಾನೇ ಹಾಕಿದ್ದಲ್ವಾ?”

“ಹಾಕಿದ್ದಲ್ಲ. ಈಗ ಬಾಯಲ್ಲಿ ಏನೇನು ಗೊತ್ತಾಗ್ತಿದೆ ಅಂತ.”

ಅವಳು ನಾಲಿಗೆಯಿಂದ ಹುಡುಕಿದಳು. ಕುಂಬಳಕಾಯಿಯ ಸಿಹಿ ಎಲ್ಲೂ ಇರಲಿಲ್ಲ. ಬೀನ್ಸೂ ಇರಲಿಲ್ಲ.

“ಕೆಲಸ ಮುಗಿದ ಮೇಲೆ ಡಬ್ಬಗಳಲ್ಲಿ ಬಣ್ಣ ಉಳಿಯುತ್ತೆ ನೋಡು,” ಎಂದ ಆತ, ನಿಧಾನವಾಗಿ, ಗಂಟಲನ್ನು ಕಾಪಾಡಿಕೊಂಡು. “ಹಳದಿ, ನೀಲಿ, ಕೆಂಪು, ಎಲ್ಲಾ ಒಂದೇ ಬಕೆಟ್ಟಿಗೆ ಸುರಿದ್ರೆ ಇದೇ ಬಣ್ಣ ಬರೋದು. ಯಾವ ಬಣ್ಣ ಎಷ್ಟು ಹಾಕಿದ್ರೂ ಇದೇ. ಅದನ್ನ ನಾವು ಹಿತ್ತಲ ಗೋಡೆಗೂ ಬಳಿಯಲ್ಲ.”

“ಇದನ್ನ ಮೊದಲೇ ಹೇಳಕ್ಕೆ ನಿಮಗೇನಾಗಿತ್ತು? ನಾನು ನುಣ್ಣಗಾಗಿಲ್ಲ ಅಂದ್ಕೊಂಡು ಸೋಸಿ ಸೋಸಿ ಸಾಯ್ತಿದ್ದೀನಿ.”

“ನಿನ್ನ ಕೈ ಅಡುಗೆ. ಬಾಯಿಗಿಡಕ್ಕಾಗಲ್ಲ ಅಂತ ಹೆಂಗೆ ಹೇಳೋದು?” ಅಂದ. ಆಮೇಲೆ ತಂಗಿಯ ಕಡೆ ತಿರುಗಿ, “ನೀನೇ ಹೇಳು ಅಂದ್ರೆ ಇವಳು ಹೇಳಲ್ಲ. ಊರೆಲ್ಲಾ ಹೇಳ್ಕೊಂಡು ಬರ್ತಾಳೆ, ಬೇಕಾದ್ದೊಂದು ಹೇಳಲ್ಲ.”

“ನನಗೆ ಅತ್ತಿಗೆ ಹತ್ರ ಬೈಸ್ಕೊಳ್ಳೋ ಹುಚ್ಚಾ?” ಎಂದಳು ತಂಗಿ.

ಸಾಫ್ಟಕ್ಕ ಮುಚ್ಚಳ ಮುಚ್ಚಿ ಎದ್ದಳು. ವಾರ್ಡಿನಲ್ಲಿ ಸಾಫ್ಟ್ ತಿನ್ನುವವರು ಯಾರ್ಯಾರೆಂದು ಅವಳಿಗೆ ಈಗ ತಟ್ಟೆಗಳಿಂದಲೇ ಗೊತ್ತಾಯಿತು. ಎಲ್ಲರ ಮುಂದೆ ಅದೇ ಬಣ್ಣ. ಪಕ್ಕದ ಹಾಸಿಗೆಯವನು ಔಷಧಿ ಕುಡಿಯುವವನಂತೆ ಮೂಗು ಮುರಿದುಕೊಂಡು ತಿನ್ನುತ್ತಿದ್ದ. ಮೂಲೆಯ ಮುದುಕಿ ತಿನ್ನಿಸುವವಳ ಕೈಯನ್ನು ಮೆತ್ತಗೆ ದೂಡುತ್ತಿದ್ದಳು.

ಮೆಟ್ಟಿಲಿಳಿಯುವಾಗ ಅವಳ ಕಾಲು ಒಂದನೇ ಮಹಡಿಯಲ್ಲಿ ನಿಂತಿತು. ಅಲ್ಲಿ ಡಯಟ್ ಮೇಡಂ ಕೋಣೆ. ಯಾರಿಗೆ ಯಾವ ಊಟ ಎಂದು ಡಾಕ್ಟರು ಹೇಳಿದ್ದನ್ನು ಅಡುಗೆಮನೆಗೆ ದಾಟಿಸುವ ಕೆಲಸ ಅವಳದು. ಚಿಕ್ಕ ವಯಸ್ಸು, ಕನ್ನಡಕ, ಮೇಜಿನ ತುಂಬ ಪ್ಲಾಸ್ಟಿಕ್ಕಿನ ಹಣ್ಣು ತರಕಾರಿ. ಸಾಫ್ಟಕ್ಕ ಬಾಗಿಲಲ್ಲಿ ನಿಂತಳು. ಕೇಳಬೇಕಾದ ಪ್ರಶ್ನೆ ವಿಚಿತ್ರವಾಗಿತ್ತು. ಹೆಸರೇ ಸಾಫ್ಟಕ್ಕ ಎಂದಿರುವವಳು ಹೋಗಿ ಕೇಳುವ ಮಾತೇ ಅದು? ಇಡೀ ಅಡುಗೆಮನೆ ಕೇಳಿಸಿಕೊಂಡರೆ ವರ್ಷಪೂರ್ತಿ ನಗುತ್ತದೆ. ಅವಳಿಗೆ ನಾಡಿದ್ದಿನ ನಳಿಗೆ ನೆನಪಾಯಿತು.

“ಮೇಡಂ, ಸಾಫ್ಟ್ ಡಯಟ್ ಅಂದ್ರೆ ಏನು?”

ಮೇಡಂ ತಮಾಷೆ ಎಂದುಕೊಂಡು ನಕ್ಕಳು. ಎದುರಿನ ಮುಖ ನಗದಿದ್ದುದನ್ನು ಕಂಡು ತಾನೂ ನಿಲ್ಲಿಸಿದಳು. “ಅಕ್ಕ, ನೀವು ನನ್ನನ್ನ ಕೇಳ್ತೀರಾ? ಮೆತ್ತಗೆ ಬೆಂದಿರ್ಬೇಕು. ಸಿಪ್ಪೆ, ಬೀಜ, ನಾರು ಇರ್ಬಾರ್ದು. ಫೋರ್ಕಿಂದ ಒತ್ತಿದ್ರೆ ಹಾಗೇ ಅಮುಕಿಕೊಳ್ಬೇಕು.”

“ರುಬ್ಬಿರ್ಬೇಕು ಅಂತ ಇಲ್ವಾ?”

“ರುಬ್ಬಿದ್ದು ಬೇರೆ. ಅಗಿಯೋಕೇ ಆಗದೋರಿಗೆ, ನುಂಗೋದು ಕಷ್ಟ ಇರೋರಿಗೆ. ಅವರಿಗೆ ಡಾಕ್ಟರು ಹಾಗಂತಲೇ ಬರೀತಾರೆ.” ಮೇಡಂ ಪೆನ್ನು ಕೆಳಗಿಟ್ಟಳು. “ಯಾಕೆ, ನೀವು ಎಲ್ಲಾ ರುಬ್ಬಿ ಕಳಿಸ್ತಿದ್ದೀರಾ?”

“ಹೌದು. ಎಲ್ಲಾ ಸೇರಿಸಿ.”

“ಡಾಕ್ಟರು ರುಬ್ಬಿದ್ದು ಅಂತ ಬರೆದಿದ್ದನ್ನೂ ನಾನು ಕೆಳಗೆ ಸಾಫ್ಟ್ ಅಂತಲೇ ಹೇಳ್ತಿದ್ದೆ,” ಎಂದಳು ಮೇಡಂ. “ನಾನು ಬರೋದಕ್ಕೂ ಮುಂಚೆ ಎಲ್ಲರೂ ಹಾಗೇ ಹೇಳ್ತಿದ್ರು. ನೀವು ನೋಡ್ಕೊಂಡು ಬೇರೆ ಬೇರೆ ಮಾಡ್ತೀರಿ ಅಂದ್ಕೊಂಡಿದ್ದೆ. ಮುಚ್ಚಳ ತೆಗೆದು ಒಂದು ದಿನಾನೂ ನೋಡ್ಲಿಲ್ಲ.” ಅವಳ ಕಿವಿ ಕೆಂಪಾಗಿತ್ತು.

“ನಾನು ಮುಚ್ಚಳ ಹಾಕೋಳು, ನಾನೂ ನೋಡ್ಲಿಲ್ಲ,” ಎಂದಳು ಸಾಫ್ಟಕ್ಕ. “ನನ್ನ ಯಜಮಾನ್ರಿಗೆ ಯಾವುದು, ಅದನ್ನ ಹೇಳಿ.”

ಮೇಡಂ ಡಾಕ್ಟರಿಗೆ ಫೋನು ಮಾಡಿ ಕೇಳಿದಳು. ಒತ್ತಿದರೆ ಅಮುಕುವಂಥದ್ದೇ, ಸಣ್ಣ ತುಂಡು, ನಿಧಾನವಾಗಿ ಅಗಿದು ತಿನ್ನಲಿ ಎಂದರು. ಉಳಿದವರನ್ನೂ ಒಬ್ಬೊಬ್ಬರಾಗಿ ಕೇಳಿಕೊಂಡಳು. ರುಬ್ಬಿದ್ದು ಬೇಕಾದವರು ಕೆಲವರೇ ಇದ್ದರು.

ಹೆಡ್ಡು ಒಪ್ಪಲಿಲ್ಲ. ಒಲೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ.

“ಒಂದು ಕುದಿ ಹೆಚ್ಚು, ಬೇರೆ ಪಾತ್ರೆ, ಬೇರೆ ಸೌಟು. ಯಾರು ಮಾಡ್ತಾರೆ? ಇಷ್ಟು ವರ್ಷ ಯಾರಾದ್ರೂ ಸತ್ರಾ ನಮ್ಮ ಸಾಫ್ಟ್ ತಿಂದು?”

“ತಿಂದು ಸತ್ತಿಲ್ಲ. ತಿನ್ನದೆ ಎಷ್ಟು ಜನ ಒಣಗಿದ್ರು ಅಂತ ನಮಗೇನು ಗೊತ್ತು?”

“ಗಂಡ ಬಂದು ಮಲಗಿದ ಮೇಲೆ ನಿಂಗೆ ಕಣ್ಣು ಬಂತು.”

ಸಾಫ್ಟಕ್ಕ ಜಗಳಕ್ಕೆ ಹೋಗಲಿಲ್ಲ. “ಹೌದು, ಆಗಲೇ ಬಂತು,” ಎಂದಳು. “ಅದಕ್ಕೇ ಅವರೊಬ್ಬರಿಗೆ ಮಾಡಿ ಕಳಿಸೋಕೆ ನನ್ನ ಕೈ ಬರಲ್ಲ. ನಾಳೆ ಬೆಳಿಗ್ಗೆ ಬೇಗ ಬರ್ತೀನಿ. ತರಕಾರಿ ನಾನೇ ಬೇಯಿಸ್ಕೋತೀನಿ, ನಿಮ್ಮ ಒಲೆ ಕೇಳಲ್ಲ, ಆ ಮೂಲೆ ಒಲೆ ಸಾಕು. ಒಂದು ದಿನ ನೋಡಿ. ಆಗ್ಲಿಲ್ಲ ಅಂದ್ರೆ ನೀವು ಹೇಳ್ದಂಗೆ.”

“ಮೂಲೆ ಒಲೆ ಸರಿಯಾಗಿ ಉರಿಯಲ್ಲ.”

“ಬೈದ್ರೆ ಉರಿಯುತ್ತೆ.”

ಹೆಡ್ಡಿಗೆ ನಗು ತಡೆಯಲಾಗಲಿಲ್ಲ. “ಒಂದು ದಿನ,” ಎಂದ.

ಮರುದಿನ ಬೆಳಕು ಹರಿಯುವಾಗ ಅವಳು ಕುಂಬಳಕಾಯಿಯ ಸಿಪ್ಪೆ ಹೆರೆಯುತ್ತಿದ್ದಳು. ಬೀನ್ಸಿನ ನಾರು ಬಿಡಿಸುವುದು ಇಷ್ಟು ಹೊತ್ತಿನ ಕೆಲಸ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಮೊದಲ ಸಲ ಕುಂಬಳಕಾಯಿ ಹೆಚ್ಚು ಬೆಂದು ಕರಗಿತು, ಅದನ್ನು ರುಬ್ಬುವವರ ಪಾಲಿಗೆ ಹಾಕಿ ಮತ್ತೆ ಇಟ್ಟಳು. ಎರಡನೇ ಸಲ ಒಂದು ತುಂಡನ್ನು ಫೋರ್ಕಿನಿಂದ ಒತ್ತಿದಳು. ತುಂಡು ಆಕಾರ ಬಿಡದೆ ಒಂದು ಕ್ಷಣ ತಾಳಿ, ಆಮೇಲೆ ಸೋತು ಹರಡಿತು. ಅದೇ ಹದ. ಟ್ರಾಲಿಯವಳು ಕರೆಯದೆಯೇ ಬಂದು ಮೊಟ್ಟೆ ಸುಲಿದು ಕೊಟ್ಟಳು. ರುಬ್ಬಿದ್ದು ಬೇಕಾದವರಿಗೂ ಸಾಫ್ಟಕ್ಕ ಈ ಸಲ ಎಲ್ಲವನ್ನೂ ಒಟ್ಟಿಗೆ ಹಾಕಲಿಲ್ಲ. ಕುಂಬಳಕಾಯಿ ಒಂದು ಸಲ, ಬೀನ್ಸು ಒಂದು ಸಲ, ನಡುವೆ ಮಿಕ್ಸಿ ತೊಳೆದು. ತಟ್ಟೆಗಳು ಹೊರಡುವುದು ತಡವಾಯಿತು. ಎರಡನೇ ಮಹಡಿಯ ನರ್ಸು ಫೋನು ಮಾಡಿ ರೇಗಿದಳು. ಹೆಡ್ಡು ಹಳದಿ, ಹಸಿರು, ಬಿಳಿ ತುಂಬಿದ ತಟ್ಟೆಗಳ ಕಡೆ ನೋಡುತ್ತ ಫೋನೆತ್ತಿ, “ಬರ್ತಿದೆ ಸಿಸ್ಟರ್, ಇವತ್ತು ಸ್ವಲ್ಪ ಬಣ್ಣ ಹೊಡೀತಿದ್ದೀವಿ,” ಎಂದು ಇಟ್ಟುಬಿಟ್ಟ.

ಆ ದಿನ ಗಂಡ ತಟ್ಟೆಯ ಅರ್ಧ ತಿಂದನೆಂದು ಟ್ರಾಲಿಯವಳು ಸುದ್ದಿ ತಂದಳು. ಸಾಫ್ಟಕ್ಕ ಅದನ್ನು ಪೂರ್ತಿ ನಂಬಲಿಲ್ಲ, ತಟ್ಟೆ ಬರುವ ತನಕ ಕಾದು, ಮುಚ್ಚಳ ತೆಗೆದು ನೋಡಿದಳು. ಬೀನ್ಸು ಹಾಗೇ ಇತ್ತು. ಕುಂಬಳಕಾಯಿ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಡಾಕ್ಟರು ಬರುವ ಹೊತ್ತಿಗೆ ಅವಳು ಏಪ್ರನ್ನಿನಲ್ಲೇ ಮೇಲೆ ಹೋದಳು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ನರ್ಸು ಒಂದು ಟ್ರೇ ಇಟ್ಟಿದ್ದಳು, ಅದರ ಮೇಲೆ ಬಟ್ಟೆ ಮುಚ್ಚಿತ್ತು. ನಳಿಗೆ ಅದರೊಳಗಿರಬೇಕು. ಆತ ಅದರ ಕಡೆ ನೋಡದೆ, ಹಾಲಿನಲ್ಲಿ ನೆನೆದ ಬ್ರೆಡ್ಡನ್ನೂ ಮೊಟ್ಟೆಯನ್ನೂ ತಿನ್ನುತ್ತಿದ್ದ. ಡಾಕ್ಟರು ಹಾಸಿಗೆಯ ಕಾಲ ಕಡೆ ನಿಂತು ನೋಡಿದರು.

“ಇಳೀತಾ ಇದೆಯಾ?”

ಆತ ಬಾಯಿ ತುಂಬಿದ್ದರಿಂದ ತಲೆಯಾಡಿಸಿದ.

“ನಿನ್ನೆ ಎಷ್ಟು ತಿಂದ್ರು?”

“ಮೂರು ಹೊತ್ತೂ ತಿಂದಿದ್ದಾನೆ ಸಾರ್, ಅರ್ಧ ಅರ್ಧ,” ಎಂದಳು ತಂಗಿ, ಅಣ್ಣನಿಗಿಂತ ಮುಂಚೆ. “ಬೀನ್ಸು ಮಾತ್ರ ಮುಟ್ಟಲ್ಲ. ಅದು ಆಪರೇಷನ್ನಿಂದಲ್ಲ, ಹುಟ್ಟಿದಾಗಿನಿಂದ ಹಾಗೇ.”

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಗಂಟಲ ಹತ್ತಿರ ಬೆರಳಿಟ್ಟು ಒಂದು ಗುಟುಕು ನುಂಗಲು ಹೇಳಿದರು. ಆಮೇಲೆ ನರ್ಸಿಗೆ, “ಅದು ಈಗ ಬೇಡ. ಅರ್ಧ ಸಾಲದು, ಪೂರ್ತಿ ತಿನ್ಬೇಕು. ಇನ್ನೆರಡು ದಿನ ತೂಕ ನೋಡೋಣ,” ಎಂದು ಮುಂದಿನ ಹಾಸಿಗೆಗೆ ನಡೆದರು. ನರ್ಸು ಟ್ರೇ ಎತ್ತಿಕೊಂಡು ಹೋದಳು.

ಸಾಫ್ಟಕ್ಕನಿಗೆ ಕೂರಬೇಕೆನಿಸಿತು. ಸ್ಟೂಲಿನ ಮೇಲೆ ನಾದಿನಿಯ ಚೀಲವಿತ್ತು, ಹಾಗಾಗಿ ಮಂಚದ ಕಂಬಿ ಹಿಡಿದು ನಿಂತೇ ಇದ್ದಳು. ಕೆಳಗೆ ಮಧ್ಯಾಹ್ನದ ತರಕಾರಿ ಕಾಯುತ್ತಿತ್ತು. ಗಂಡ ಮೊಟ್ಟೆಯ ಇನ್ನೊಂದು ಸಣ್ಣ ತುಂಡನ್ನು ಬಾಯಿಗಿಟ್ಟು ಅಗಿಯತೊಡಗಿದ. ಅದಕ್ಕೆ ಅಷ್ಟೊಂದು ಅಗಿಯುವ ಅಗತ್ಯವಿರಲಿಲ್ಲ, ನಾಲಿಗೆಯಲ್ಲೇ ಕರಗುವಂಥದ್ದು. ಆದರೂ ಆತ ಒಂದು ಕಡೆಯ ಹಲ್ಲಿನಿಂದ ಇನ್ನೊಂದು ಕಡೆಗೆ ಸರಿಸಿ, ಅವಸರವಿಲ್ಲದೆ, ದವಡೆಯಾಡಿಸುತ್ತಲೇ ಇದ್ದ. ಅವಳು ಆ ತುತ್ತು ಇಳಿಯುವ ತನಕ ನಿಂತು, ಆಮೇಲೆ ಹೊರಟಳು.